ಕಾಲುವೆಯ ದಂಡೆಯ ಶಸ್ತ್ರವೈದ್ಯ

1986ರ ಬೇಸಿಗೆಯಲ್ಲಿ ನಾನು ಉತ್ತರ ಕರ್ನಾಟಕದ ಒಂದು ನೀರಾವರಿ ಕಾಲುವೆಯ ಭೂಸ್ವಾಧೀನ ಕಚೇರಿಯಲ್ಲಿದ್ದೆ. ಅರ್ಥಶಾಸ್ತ್ರದ ಎಂ.ಎ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಪ್ರತಿ ಎಕರೆಗೆ ತಗಲುವ ವೆಚ್ಚ, ದೊರೆಯುವ ಲಾಭ ಎಂದು ಲೆಕ್ಕ ಹಾಕುವುದರಲ್ಲೇ ದಿನ ಕಳೆಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಸರ್ವೆಗೆಂದು ಹೋಗಿದ್ದಾಗ ಅಗೆತದ ಏರಿ ಕುಸಿದು ಒಬ್ಬ ಕೂಲಿಕಾರನ ತೊಡೆಯೆಲುಬು ಮುರಿಯಿತು. ಹತ್ತಿರದಲ್ಲಿದ್ದ ವಾಹನವೆಂದರೆ ನನ್ನ ಜೀಪೊಂದೇ. ಗೋಣಿತಾಟಿನ ಮೇಲೆ ಮಲಗಿಸಿಕೊಂಡು, ನಲವತ್ತು ಕಿಲೋಮೀಟರಿಗೂ ಮೀರಿದ ಕಚ್ಚಾ ರಸ್ತೆಯಲ್ಲಿ ಜಿಲ್ಲಾ ಆಸ್ಪತ್ರೆಗೆ ಹೊರಟೆವು. ಹೊರಡುವಾಗ ಆತ ಮಾತನಾಡುತ್ತಿದ್ದ. ತನ್ನ ಸಲಿಕೆಯನ್ನು ಯಾರಾದರೂ ಎತ್ತಿಡಬೇಕೆಂದು ಹೇಳುತ್ತಿದ್ದ. ಅರ್ಧ ದಾರಿಯಲ್ಲಿ ನೀರು ಕೇಳಿದ. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಅವನ ಮೈ ತಣ್ಣಗಾಗಿತ್ತು. ಹೊರಗೆ ರಕ್ತ ಹರಿದದ್ದನ್ನು ನಾವು ಯಾರೂ ಕಂಡಿರಲಿಲ್ಲ. ಕಾಲು ಮುರಿದವನು ಸಾಯುವುದು ಹೇಗೆ ಎಂಬುದು ನನಗೆ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವರು ಆ ಊರಿನ ಹಿರಿಯ ಶಸ್ತ್ರವೈದ್ಯರು. ಅವರ ಮನೆಯ ಮುಂದಿನ ಫಲಕದಲ್ಲಿ ಪದವಿಗಳ ಸಾಲಿನ ಕೊನೆಗೆ ಲಿವರ್‌ಪೂಲ್ ಎಂದಿತ್ತು. ಹಳೆಯ ತಲೆಮಾರಿನ ಮೂಳೆ ತಜ್ಞರ ಫಲಕಗಳಲ್ಲಿ ಈ ಊರಿನ ಹೆಸರನ್ನು ನೀವೂ ಕಂಡಿರಬಹುದು. ಅಂದು ಸಂಜೆ ಅವರು ನನಗೆ ತಿಳಿಹೇಳಿದ್ದು ಇಷ್ಟು. ತೊಡೆಯ ಸ್ನಾಯುಗಳು ದೇಹದಲ್ಲೇ ಅತಿ ಬಲವಾದವು. ಎಲುಬು ಮುರಿದೊಡನೆ ಅವು ತುಂಡುಗಳನ್ನು ಒಂದರ ಮೇಲೊಂದು ಎಳೆದುಕೊಳ್ಳುತ್ತವೆ. ವಾಹನದ ಒಂದೊಂದು ಕುಲುಕಾಟಕ್ಕೂ ಚೂಪಾದ ತುದಿಗಳು ಮಾಂಸವನ್ನು ಸೀಳುತ್ತವೆ. ಹೊರಗೆ ಒಂದು ಹನಿಯೂ ತೋರದಂತೆ ತೊಡೆಯೊಳಗೇ ಒಂದು ಲೀಟರಿಗೂ ಮಿಗಿಲಾದ ರಕ್ತ ಸೋರಿ ನಿಲ್ಲಬಲ್ಲುದು. ಕಾಲನ್ನು ಎಳೆದು ಹಿಡಿದು, ಅಲುಗದಂತೆ ಕಟ್ಟಿ ತಂದಿದ್ದರೆ ಆ ಮನುಷ್ಯ ಬದುಕುವ ಸಾಧ್ಯತೆ ಬಹಳವಿತ್ತು. ಹಾಗೆ ಕಟ್ಟಲು ಬೇಕಾದದ್ದು ಒಂದು ಉಂಗುರ, ಎರಡು ಕಬ್ಬಿಣದ ಸರಳು, ಒಂದಿಷ್ಟು ಬಟ್ಟೆ. ಇದನ್ನು ಹೇಳಿ ಅವರು ರಾಬರ್ಟ್ ಜೋನ್ಸ್ ಎಂಬ ಹೆಸರನ್ನು ಎತ್ತಿದರು. ಆ ಹೆಸರಿನ ಬೆನ್ನು ಹತ್ತಿ ಅಂದಿನಿಂದ ನಾನು ಓದಿದ್ದೆಲ್ಲವೂ ಆ ಜೀಪಿನ ಪ್ರಯಾಣಕ್ಕೇ ಮರಳಿ ಬಂದು ನಿಲ್ಲುತ್ತದೆ.

ಜೋನ್ಸರ ಕಥೆಯನ್ನು ಅವರ ಸೋದರತ್ತೆಯ ಗಂಡನಿಂದ ಆರಂಭಿಸಬೇಕು. ಹ್ಯೂ ಓವನ್ ಥಾಮಸ್ ಹುಟ್ಟಿದ್ದು 1834ರಲ್ಲಿ, ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹಡಗು ಒಡೆದು ಆ ದ್ವೀಪದ ದಡಕ್ಕೆ ಬಂದು ಬಿದ್ದ ಅನಾಮಿಕ ಬಾಲಕನೊಬ್ಬ ಆ ವಂಶದ ಮೂಲಪುರುಷ. ಆತನ ಕೈಗೆ ಮೂಳೆ ಕೂಡಿಸುವ ವಿದ್ಯೆ ಒಲಿದಿತ್ತು. ಮುಂದೆ ಅದು ತಂದೆಯಿಂದ ಮಗನಿಗೆ ಇಳಿದು ಬಂತು. ಪುತ್ತೂರು ಕಟ್ಟಿನ ಹೆಸರು ಕೇಳದ ಕನ್ನಡಿಗರು ವಿರಳ. ಆಂಧ್ರದ ಆ ಊರಿಗೆ ಮುರಿದ ಕೈ ಹೊತ್ತು ಹೋಗಿ ಮೊಟ್ಟೆ ಹಾಗೂ ಸೊಪ್ಪಿನ ಲೇಪದ ಮೇಲೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಬಂದವರು ನಮ್ಮ ಮನೆಗಳಲ್ಲೇ ಇದ್ದಾರೆ. ಥಾಮಸ್ ಕುಟುಂಬದ ಸ್ಥಾನಮಾನ ಅಂಥದೇ. ಹ್ಯೂ ಅವರ ತಂದೆ ಇವಾನ್ ಥಾಮಸ್ ಲಿವರ್‌ಪೂಲಿನಲ್ಲಿ ಪದವಿಯಿಲ್ಲದ ಮೂಳೆವೈದ್ಯರಾಗಿ ಹೆಸರು ಮಾಡಿದರು. ಪದವೀಧರ ವೈದ್ಯರು ಅವರನ್ನು ಮತ್ತೆ ಮತ್ತೆ ನ್ಯಾಯಾಲಯಕ್ಕೆ ಎಳೆದರು. ಬೇಸತ್ತ ಇವಾನ್ ತಮ್ಮ ಐವರು ಗಂಡುಮಕ್ಕಳನ್ನೂ ವೈದ್ಯಕೀಯ ಪದವಿಗೆ ಓದಿಸಿಬಿಟ್ಟರು. ಸಾಂಪ್ರದಾಯಿಕ ವಿದ್ಯೆ ಹಾಗೂ ವಿಶ್ವವಿದ್ಯಾಲಯಗಳ ನಡುವಿನ ಜಗಳಕ್ಕೆ ಇದಕ್ಕಿಂತ ಜಾಣ ಪರಿಹಾರವನ್ನು ನಾನು ಕಂಡಿಲ್ಲ.

ಹ್ಯೂ ಥಾಮಸ್ ವಿಚಿತ್ರ ಮನುಷ್ಯ. ಕುಳ್ಳು, ಕೃಶಕಾಯ, ಕತ್ತಿನವರೆಗೆ ಗುಂಡಿ ಹಾಕಿದ ಕರಿಯ ಕೋಟು, ಗಾಯಗೊಂಡ ಕಣ್ಣರೆಪ್ಪೆಯನ್ನು ಮರೆಮಾಚಲು ಮುಂದಕ್ಕೆಳೆದ ನಾವಿಕರ ಟೋಪಿ, ತುಟಿಯಲ್ಲಿ ಸದಾ ಸಿಗರೇಟು. ನೆಲ್ಸನ್ ಸ್ಟ್ರೀಟಿನ 11ನೆಯ ಸಂಖ್ಯೆಯ ಮನೆಯಲ್ಲಿ ರೋಗಿಗಳ ಕೋಣೆಗೆ ಹೊಂದಿಕೊಂಡೇ ಕಮ್ಮಾರನ ಕುಲುಮೆಯೂ ಚರ್ಮದ ಕೆಲಸದವನ ಅಂಗಡಿಯೂ ಇದ್ದವು. ಒಬ್ಬೊಬ್ಬ ರೋಗಿಯ ಅಳತೆಗೂ ಪಟ್ಟಿ ತಯಾರಾಗುತ್ತಿತ್ತು. ಭಾನುವಾರ ಬಂದರಿನ ಕೂಲಿಗಳಿಗೆ, ಬಡವರಿಗೆ ಉಚಿತ ಚಿಕಿತ್ಸೆ. ಅವರ ನಂಬಿಕೆ ಒಂದೇ: ಕೆಟ್ಟ ಕೀಲಿಗೂ ಮುರಿದ ಎಲುಬಿಗೂ ಬೇಕಾದುದು ವಿಶ್ರಾಂತಿ, ಅದೂ ಅರೆಬರೆಯಲ್ಲ, ದೀರ್ಘವಾದ, ನಡುವೆ ಕಡಿಯದ ವಿಶ್ರಾಂತಿ. ಕ್ಷಯ ತಗುಲಿದ ಮಂಡಿಗೆಂದು ಅವರು ರೂಪಿಸಿದ ಸಾಧನವನ್ನೇ ಜಗತ್ತು ಇಂದು ಥಾಮಸ್ ಸ್ಪ್ಲಿಂಟ್ ಎಂದು ಕರೆಯುತ್ತದೆ. ತೊಡೆಸಂದಿಗೆ ಒತ್ತಿ ಕೂರುವ ಚರ್ಮ ಹೊದಿಸಿದ ಉಂಗುರ. ಅದರಿಂದ ಕಾಲಿನ ಎರಡೂ ಪಕ್ಕಗಳಲ್ಲಿ ಪಾದವನ್ನೂ ದಾಟಿ ಇಳಿಯುವ ಸರಳುಗಳು. ಪಾದವನ್ನು ಎಳೆದು ತುದಿಗೆ ಕಟ್ಟಿದರೆ ಉಂಗುರ ಮೇಲಿನಿಂದ ಎದುರೊತ್ತು ಕೊಡುತ್ತದೆ, ಸ್ನಾಯುಗಳ ಸೆಳೆತ ಸೋಲುತ್ತದೆ. ಇಷ್ಟೇ ಅದರ ಗುಟ್ಟು.

1875ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ಆದರೆ ಬರವಣಿಗೆ ಒರಟು, ಸಹೋದ್ಯೋಗಿಗಳ ಮೇಲೆ ಮಾತು ಬಿರುಸು. ಲಂಡನ್ನಿನ ದೊಡ್ಡ ಆಸ್ಪತ್ರೆಗಳು ಈ ಪ್ರಾಂತ್ಯದ ವೈದ್ಯನನ್ನು ಬಹುಮಟ್ಟಿಗೆ ಅಲಕ್ಷಿಸಿದವು. 1891ರ ಜನವರಿಯಲ್ಲಿ, 56ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಲಿವರ್‌ಪೂಲಿನ ಶ್ರಮಿಕರು ಸಾವಿರಗಟ್ಟಲೆ ಬಂದು ಬೀದಿಯಲ್ಲಿ ನಿಂತರು.

ಈ ಮನೆಗೆ 1873ರಲ್ಲಿ ಹದಿನಾರರ ಹರೆಯದ ರಾಬರ್ಟ್ ಜೋನ್ಸ್ ಬಂದು ಸೇರಿದ್ದರು. ಅವರು ಹುಟ್ಟಿದ್ದು 1857ರಲ್ಲಿ ವೇಲ್ಸ್‌ನ ರಿಲ್ ಎಂಬಲ್ಲಿ. ತಂದೆ ಸೇನೆಯ ನೌಕರಿ ಬಿಟ್ಟು ಬರವಣಿಗೆಯನ್ನು ನಂಬಿ ಲಂಡನ್ ಸೇರಿದವರು. ಬರವಣಿಗೆಯನ್ನು ನಂಬಿದವರ ಮನೆಯ ಸ್ಥಿತಿ ಎಲ್ಲ ದೇಶಗಳಲ್ಲೂ ಒಂದೇ. ಸೋದರತ್ತೆಯ ಮನೆಯಲ್ಲಿ ಉಳಿದು ವೈದ್ಯಕೀಯ ಓದಿದ ಹುಡುಗ 1878ರಲ್ಲಿ ಪದವಿ ಪಡೆದು ಮಾವನಿಗೇ ಸಹಾಯಕನಾದ. ಮಾವನ ವಿದ್ಯೆ ಇವರಿಗೆ ಬಂತು, ಸಿಡುಕು ಬರಲಿಲ್ಲ. ಕ್ರಿಕೆಟ್, ಬಾಕ್ಸಿಂಗ್ ಎಂದರೆ ಪ್ರಾಣ, ನಗುಮುಖ, ಎದುರಾಳಿಯನ್ನೂ ಊಟಕ್ಕೆ ಕರೆಯುವ ಸ್ವಭಾವ. ಥಾಮಸರ ಸ್ಪ್ಲಿಂಟು ಜಗತ್ತನ್ನು ಸುತ್ತಿದ್ದರಲ್ಲಿ ಈ ಸ್ವಭಾವದ ಪಾಲು ದೊಡ್ಡದೆಂದು ನನ್ನ ಎಣಿಕೆ.

ನನ್ನಂಥ ಆಡಳಿತಗಾರನ ಮನಸ್ಸು ನೆಟ್ಟು ನಿಲ್ಲುವುದು 1888ರಲ್ಲಿ. ಸಮುದ್ರದಿಂದ ದೂರವಿದ್ದ ಮ್ಯಾಂಚೆಸ್ಟರಿಗೆ ಹಡಗುಗಳು ನೇರವಾಗಿ ಬರಲೆಂದು 36 ಮೈಲಿ ಉದ್ದದ ಕಾಲುವೆಯನ್ನು ಅಗೆಯಲು 1887ರ ನವೆಂಬರಿನಲ್ಲಿ ಆರಂಭಿಸಿದ್ದರು. ಹತ್ತಾರು ಸಾವಿರ ಕೂಲಿಗಳು, ಉಗಿ ಯಂತ್ರಗಳು, ಸಿಡಿಮದ್ದು, ತಾತ್ಕಾಲಿಕ ರೈಲುಹಳಿಗಳು. ಕೈಕಾಲು ಮುರಿಯದ ದಿನವಿರಲಿಲ್ಲ. ಆಗ ಇಂಗ್ಲೆಂಡಿನಲ್ಲೂ ಅಪಘಾತಕ್ಕೆ ತಾನಾಗಿ ಪರಿಹಾರ ದೊರೆಯುವ ಕಾನೂನಿರಲಿಲ್ಲ. ಅಂಥದೊಂದು ಬಂದದ್ದು 1897ರಲ್ಲಿ; ನಮ್ಮಲ್ಲಿ ಬಂದದ್ದು 1923ರಲ್ಲಿ. ಜೋನ್ಸ್ ಆ ಕಾಲುವೆಯ ಮುಖ್ಯ ಶಸ್ತ್ರವೈದ್ಯರಾಗಿ ನೇಮಕಗೊಂಡಾಗ ವಯಸ್ಸು 31.

ಅವರು ಮಾಡಿದ ಮೊದಲ ಕೆಲಸ ಶಸ್ತ್ರಚಿಕಿತ್ಸೆಯಲ್ಲ, ನಕ್ಷೆ ಬರೆದದ್ದು. ಕಾಲುವೆಯ ಉದ್ದಕ್ಕೂ ಮೂರು ಆಸ್ಪತ್ರೆ; ಅವುಗಳ ನಡುವೆ ಪ್ರಥಮ ಚಿಕಿತ್ಸೆಯ ಠಾಣೆಗಳ ಸರಣಿ; ಠಾಣೆಗಳಲ್ಲಿ ಪಟ್ಟಿ ಕಟ್ಟಲು ಪಳಗಿದ ಜನ; ಮಣ್ಣು ಸಾಗಿಸುವ ಹಳಿಗಳ ಮೇಲೆಯೇ ಗಾಯಾಳುವಿನ ಪ್ರಯಾಣ. ಗಾಯವಾದ ಸ್ಥಳದಲ್ಲೇ ಎಲುಬನ್ನು ಅಲುಗದಂತೆ ಕಟ್ಟಬೇಕು, ಆಮೇಲೆ ಸಾಗಿಸಬೇಕು, ಕೊನೆಗೆ ಮುರಿತದ ಚಿಕಿತ್ಸೆ ಅನುಭವಸ್ಥರ ಕೈಯಲ್ಲೇ ಆಗಬೇಕು. ಅಪಘಾತದ ಗಾಯಾಳುಗಳಿಗೆಂದೇ ಹೀಗೆ ಸಮಗ್ರವಾಗಿ ಯೋಜಿಸಿದ ಸೇವೆ ಜಗತ್ತಿನಲ್ಲಿ ಇದೇ ಮೊದಲನೆಯದೆಂದು ವೈದ್ಯಕೀಯ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದು ಕಾಲುವೆಗೆ ಸಾಧ್ಯವಾದ ಏರ್ಪಾಡು, ಸರಿಸುಮಾರು ನೂರು ವರ್ಷಗಳ ನಂತರ ಇನ್ನೊಂದು ಕಾಲುವೆಯ ದಂಡೆಯಲ್ಲಿ ಇರಲಿಲ್ಲ. ಹಣದ ಕೊರತೆಯಿಂದಲ್ಲ ಎಂಬುದನ್ನು ನಾನು ಬಲ್ಲೆ. ನಮ್ಮ ಯೋಜನಾ ವರದಿಯಲ್ಲಿ ಅತಿಥಿಗೃಹಕ್ಕೆ ಹಣವಿತ್ತು.

ಕಾಲುವೆ 1894ರಲ್ಲಿ ಮುಗಿಯಿತು. ಅಲ್ಲಿಗೆ ಜೋನ್ಸರ ಕೈಗೆ ಒಬ್ಬ ಶಸ್ತ್ರವೈದ್ಯನ ಆಯುಷ್ಯದಲ್ಲಿ ಸಿಗದಷ್ಟು ಮುರಿತಗಳ ಅನುಭವ ಸಿಕ್ಕಿತ್ತು. ಆದರೆ ಆ ಕಾಲದ ವೈದ್ಯ ಕುರುಡನಂತೆ ಬೆರಳಿನಿಂದಲೇ ನೋಡಬೇಕಾಗಿತ್ತು. ಚರ್ಮದ ಕೆಳಗೆ ಏನಾಗಿದೆ ಎಂಬುದು ಊಹೆ. 1895ರ ಕೊನೆಯಲ್ಲಿ ಜರ್ಮನಿಯ ರಾಂಟ್‌ಗನ್ ಎಕ್ಸ್‌ರೇ ಶೋಧವನ್ನು ಪ್ರಕಟಿಸಿದರು. ಮಣಿಕಟ್ಟಿನಲ್ಲಿ ಗುಂಡು ಹೊಕ್ಕ ಬಾಲಕನೊಬ್ಬ ಜೋನ್ಸರ ಬಳಿ ಬಂದಿದ್ದ. ಗುಂಡು ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. 1896ರ ಫೆಬ್ರವರಿಯಲ್ಲಿ, ಅಂದರೆ ಶೋಧ ಪ್ರಕಟವಾದ ಆರೇ ವಾರಗಳಲ್ಲಿ, ಅವರು ಆ ಹುಡುಗನನ್ನು ಲಿವರ್‌ಪೂಲಿನ ಭೌತವಿಜ್ಞಾನಿ ಆಲಿವರ್ ಲಾಜ್ ಅವರ ಪ್ರಯೋಗಶಾಲೆಗೆ ಕರೆದೊಯ್ದು ಚಿತ್ರ ತೆಗೆಸಿದರು. ಎಲುಬುಗಳ ನಡುವೆ ಹುದುಗಿದ್ದ ಗುಂಡು ಕಂಡಿತು. ಅದೇ ತಿಂಗಳು ಇಬ್ಬರೂ ಲ್ಯಾನ್ಸೆಟ್ ಪತ್ರಿಕೆಗೆ ವರದಿ ಬರೆದರು. ಶಸ್ತ್ರಚಿಕಿತ್ಸೆಗೆ ಮುನ್ನ ಎಕ್ಸ್‌ರೇ ಬಳಸಿದ ಇಂಗ್ಲೆಂಡಿನ ಮೊದಮೊದಲ ನಿದರ್ಶನಗಳಲ್ಲಿ ಇದು ಒಂದು. ಜೋನ್ಸ್ ಅಲ್ಲಿಗೆ ಬಿಡಲಿಲ್ಲ. ಸ್ವತಃ ಯಂತ್ರ ಕೊಂಡರು, ಥರ್ಸ್ಟನ್ ಹಾಲೆಂಡ್ ಎಂಬ ಗೆಳೆಯನನ್ನು ಅದಕ್ಕೆ ಹಚ್ಚಿದರು. ಹಾಲೆಂಡ್ ಮುಂದೆ ವಿಕಿರಣ ಚಿತ್ರಣದ ದೊಡ್ಡ ತಜ್ಞರಾದರು.

ಈ ಹೊಸ ಕಣ್ಣಿನ ಉಪಯೋಗ ಸ್ವತಃ ಜೋನ್ಸರ ಪಾದಕ್ಕೂ ಆಯಿತು. ಒಂದು ಸಂತೋಷಕೂಟದಲ್ಲಿ ಗುಡಾರದ ಕಂಬದ ಸುತ್ತ ಕುಣಿಯುವಾಗ ಅವರ ಪಾದದ ಹೊರಮಗ್ಗುಲಿನಲ್ಲಿ ಛಳಕು ಬಂತು. ಯಾರೂ ತುಳಿದಿರಲಿಲ್ಲ, ಏನೂ ಬಿದ್ದಿರಲಿಲ್ಲ. ಸ್ನಾಯುರಜ್ಜು ಹರಿದಿರಬೇಕೆಂದು ಭಾವಿಸಿದರು. ಎಕ್ಸ್‌ರೇ ಬೇರೆಯೇ ಕಥೆ ಹೇಳಿತು: ಕಿರುಬೆರಳಿನ ಹಿಂದಿನ ಐದನೆಯ ಅಂಗಾಲೆಲುಬು ಬುಡದ ಸಮೀಪ ಮುರಿದಿತ್ತು. ಅಂಥವೇ ಕೆಲವು ಪ್ರಕರಣಗಳನ್ನು ಕಲೆಹಾಕಿ 1902ರಲ್ಲಿ ಲೇಖನ ಬರೆದರು. ನೇರ ಪೆಟ್ಟಿಲ್ಲದೆಯೂ ಆ ಎಲುಬು ಮುರಿಯಬಲ್ಲದೆಂದು ಅದರಿಂದ ವೈದ್ಯಲೋಕಕ್ಕೆ ತಿಳಿಯಿತು. ಇಂದಿಗೂ ಅದು ಜೋನ್ಸ್ ಮುರಿತ. ಫುಟ್‌ಬಾಲ್ ಆಟಗಾರರ ಸುದ್ದಿಗಳಲ್ಲಿ ಆ ಹೆಸರು ಆಗಾಗ ಕಾಣಿಸುತ್ತದೆ. ಅದರ ಹಿಂದೆ ನಲವತ್ತು ದಾಟಿದ ವೈದ್ಯನ ಕುಣಿತವಿದೆಯೆಂದು ಓದುಗರಿಗೆ ತಿಳಿದಿರಲಾರದು.

1903ರಲ್ಲಿ ಆಗ್ನೆಸ್ ಹಂಟ್ ಎಂಬ ಮಹಿಳೆ ಚಿಕಿತ್ಸೆಗೆ ಬಂದರು. ಬಾಲ್ಯದ ಸೋಂಕಿನಿಂದ ಸೊಂಟದ ಕೀಲು ಕೆಟ್ಟು ಕುಂಟುತ್ತಿದ್ದ ದಾದಿ ಆಕೆ. ಷ್ರಾಪ್‌ಷೈರಿನ ಬಾಶ್ಚರ್ಚ್ ಎಂಬ ಹಳ್ಳಿಯಲ್ಲಿ 1900ರಿಂದ ಅಂಗವಿಕಲ ಮಕ್ಕಳಿಗಾಗಿ ಬಯಲುಗಾಳಿಯ ಆಸ್ಪತ್ರೆ ನಡೆಸುತ್ತಿದ್ದರು. ಆಸ್ಪತ್ರೆಯೆಂದರೆ ಒಂದು ಬದಿಗೆ ಗೋಡೆಯೇ ಇಲ್ಲದ ಕೊಟ್ಟಿಗೆಗಳು. ರೋಗಿಯಾಗಿ ಬಂದಾಕೆ ಜೋನ್ಸರನ್ನೇ ಅಲ್ಲಿಗೆ ಒಯ್ದರು. ಅವರು ತಪ್ಪದೆ ಬಂದು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಬಡವರ ಮಕ್ಕಳು ವಾಸಿಯಾಗಿ ಮನೆಗೆ ಹೋಗಿ, ಪಟ್ಟಿ ಸಡಿಲವಾಗಿ, ಮತ್ತೆ ಸೊಟ್ಟಗಾಗಿ ಬರುವುದನ್ನು ಕಂಡ ಹಂಟ್, 1907ರಿಂದ ಊರೂರಿನಲ್ಲಿ ಮುಂದುವರಿದ ಆರೈಕೆಯ ಚಿಕಿತ್ಸಾಲಯಗಳನ್ನು ತೆರೆದರು. ಆಸ್ಪತ್ರೆ 1921ರಲ್ಲಿ ಆಸ್ವೆಸ್ಟ್ರಿಗೆ ಸ್ಥಳಾಂತರವಾಯಿತು. ಇಂದು ಇಬ್ಬರ ಹೆಸರನ್ನೂ ಹೊತ್ತು ನಡೆಯುತ್ತಿದೆ.

ನಡುವೆ ಬಂದದ್ದು ಮಹಾಯುದ್ಧ. 1914ರಲ್ಲಿ ತೊಡೆಯೆಲುಬಿಗೆ ಗುಂಡು ಬಿದ್ದ ಸೈನಿಕನ ಕಾಲನ್ನು ಬಂದೂಕಿಗೇ ಸೇರಿಸಿ ಕಟ್ಟಿ, ಕೆಸರಿನಲ್ಲಿ ಹೊತ್ತು ತರುತ್ತಿದ್ದರು. ಆರಂಭದ ವರ್ಷಗಳಲ್ಲಿ ಇಂಥ ಗಾಯಾಳುಗಳಲ್ಲಿ ನೂರಕ್ಕೆ 80 ಮಂದಿ ಸತ್ತರೆಂಬುದು ಜೋನ್ಸರೇ ಹೇಳಿದ ಅಂಕಿ. ಸ್ಪ್ಲಿಂಟನ್ನು ಮುಂಚೂಣಿಯಲ್ಲೇ ಕಟ್ಟಬೇಕೆಂದು ಅವರು ಸೇನೆಯ ಬೆನ್ನುಬಿದ್ದರು. ಹೆಣಹೊರೆಯಂತೆ ಗಾಯಾಳುಗಳನ್ನು ಹೊರುತ್ತಿದ್ದ ಡೋಲಿಯವರಿಗೆ ಕಣ್ಣಿಗೆ ಬಟ್ಟೆ ಕಟ್ಟಿ ತರಬೇತಿ ಕೊಟ್ಟರು. ಕತ್ತಲೆಯಲ್ಲಿ, ಷರಾಯಿ ಮತ್ತು ಬೂಟು ಬಿಚ್ಚದೆಯೇ, ಕೈಗಳು ತಾವಾಗಿ ಆ ಕೆಲಸ ಮಾಡಬೇಕಿತ್ತು. 1917ರ ಆರಾಸ್ ಕದನದಲ್ಲಿ ಹೆನ್ರಿ ಗ್ರೇ ಎಂಬ ಶಸ್ತ್ರವೈದ್ಯರ ಉಸ್ತುವಾರಿಯಲ್ಲಿ ಈ ಕ್ರಮ ಜಾರಿಯಾಯಿತು. ತೊಡೆ ಮುರಿದ 1009 ಮಂದಿಯಲ್ಲಿ ಸತ್ತವರು ನೂರಕ್ಕೆ 16ಕ್ಕಿಂತ ಕಡಿಮೆ.

ಅಂಕಿಅಂಶಗಳೊಡನೆ ಬದುಕು ಸವೆಸಿದವನಾಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ಆರಂಭದ ವರ್ಷದ ಅಂಕಿ ಎಷ್ಟು ಕೆಟ್ಟದಾಗಿದ್ದರೆ ಸುಧಾರಣೆ ಅಷ್ಟು ಭವ್ಯವಾಗಿ ಕಾಣುತ್ತದೆ. ಪ್ರಗತಿ ವರದಿ ಬರೆದವರಿಗೆಲ್ಲ ಇದು ಗೊತ್ತು. ಆ 80ರ ಲೆಕ್ಕವನ್ನು ಇತ್ತೀಚಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಗಾಯವನ್ನು ಬೇಗ ಶುಚಿಗೊಳಿಸುವ ಕ್ರಮ, ಮುಂಚೂಣಿಗೆ ಹತ್ತಿರ ಬಂದ ಶಸ್ತ್ರಚಿಕಿತ್ಸೆ ಇವಕ್ಕೂ ಪಾಲು ಸಲ್ಲಬೇಕು. ಆದರೂ ನಿಜವಾದ ಅಂಕಿ ಅದರ ಅರ್ಧವೇ ಆಗಿದ್ದರೂ, ಉಳಿದ ಜೀವಗಳು ಸಾವಿರಗಟ್ಟಲೆ.

ಇಂಗ್ಲೆಂಡಿನೊಳಗೆ ಜೋನ್ಸ್ ಸೇನಾ ಮೂಳೆ ಆಸ್ಪತ್ರೆಗಳ ಜಾಲವನ್ನೇ ಕಟ್ಟಿದರು. 1915ರಲ್ಲಿ ಲಿವರ್‌ಪೂಲಿನ ಆಲ್ಡರ್ ಹೇಯಲ್ಲಿ ಮೊದಲನೆಯದು, 1916ರಲ್ಲಿ ಲಂಡನ್ನಿನ ಷೆಪರ್ಡ್ಸ್ ಬುಷ್‌ನಲ್ಲಿ ದೊಡ್ಡದು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 20 ಸಾವಿರ ಹಾಸಿಗೆಗಳು. ಅವುಗಳೊಳಗೆ ಬಡಗಿ, ಕಮ್ಮಾರ, ಚಮ್ಮಾರ ಕೆಲಸದ ಕಾರ್ಯಾಗಾರಗಳಿದ್ದವು. ಜಡವಾದ ಮಣಿಕಟ್ಟಿಗೆ ಉಳಿ ಹಿಡಿಯುವುದೇ ವ್ಯಾಯಾಮ. ಜೊತೆಗೆ ರೋಗಿಗೆ ತಾನು ನಿಷ್ಪ್ರಯೋಜಕನಲ್ಲ ಎಂಬ ಅರಿವು. ಗದ್ದುಗೆ ಕಳೆದುಕೊಂಡು ಇಂಗ್ಲೆಂಡಿನಲ್ಲಿದ್ದ ಪೋರ್ಚುಗಲ್ಲಿನ ದೊರೆ ಎರಡನೆಯ ಮ್ಯಾನುಯೆಲ್ ಈ ಕಾರ್ಯಾಗಾರಗಳಿಗಾಗಿ ದುಡಿದರು. ಈ ಅಧ್ಯಾಯವನ್ನು ಓದುವಾಗ ನನಗೆ ಮೆಚ್ಚುಗೆಯ ಜೊತೆಗೇ ಒಂದು ಇರಿಸುಮುರಿಸು. ಹೀಗೆ ನೆಟ್ಟಗಾದ ಕಾಲುಗಳಲ್ಲಿ ಎಷ್ಟೋ ಮರಳಿ ಕಂದಕಗಳಿಗೆ ನಡೆದುಹೋದವು. ಸೇನೆ ಹಣ ಕೊಟ್ಟದ್ದೇ ಅದಕ್ಕಾಗಿ. ಜೋನ್ಸರಿಗೆ ಇದು ತಿಳಿಯದ್ದೇನಲ್ಲ. ಆ ಹಣದಿಂದ ಕಟ್ಟಿದ್ದು ಶಾಂತಿಕಾಲಕ್ಕೂ ಉಳಿಯುವಂತೆ ನೋಡಿಕೊಂಡರೆಂಬುದಷ್ಟೇ ಅವರ ಪರವಾಗಿ ಹೇಳಬಹುದಾದ ಮಾತು.

1917ರಲ್ಲಿ ಸರ್ ಪದವಿ ಬಂತು, 1926ರಲ್ಲಿ ಬ್ಯಾರನೆಟ್. ಮೂಳೆ ಚಿಕಿತ್ಸೆ ಪ್ರತ್ಯೇಕ ಶಾಖೆಯಾಗುವುದು ಸಾಮಾನ್ಯ ಶಸ್ತ್ರವೈದ್ಯರಲ್ಲಿ ಅನೇಕರಿಗೆ ಹಿಡಿಸಿರಲಿಲ್ಲ. ಆದರೂ 1918ರಲ್ಲಿ ಬ್ರಿಟಿಷ್ ಮೂಳೆತಜ್ಞರ ಸಂಘ ಹುಟ್ಟಿತು, ಬಲು ಬೇಗ ಜೋನ್ಸ್ ಅದರ ಅಧ್ಯಕ್ಷರಾದರು. 1919ರಲ್ಲಿ ಶಿಷ್ಯ ಗರ್ಡಲ್‌ಸ್ಟೋನ್ ಜೊತೆ ಸೇರಿ ಅಂಗವಿಕಲ ಮಕ್ಕಳ ಚಿಕಿತ್ಸೆಗೆ ರಾಷ್ಟ್ರೀಯ ಯೋಜನೆಯೊಂದನ್ನು ಮುಂದಿಟ್ಟರು: ಪ್ರದೇಶಕ್ಕೊಂದು ಕೇಂದ್ರ ಆಸ್ಪತ್ರೆ, ಸುತ್ತ ಊರುಗಳಲ್ಲಿ ಚಿಕಿತ್ಸಾಲಯಗಳು. ನಮ್ಮ ಭೋರ್ ಸಮಿತಿಯ 1946ರ ವರದಿಯನ್ನು ಓದಿದವರಿಗೆ ಈ ನಕ್ಷೆ ಅಪರಿಚಿತವೆನಿಸದು. ಲಿವರ್‌ಪೂಲ್ ವಿಶ್ವವಿದ್ಯಾಲಯ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿಯನ್ನು ಆರಂಭಿಸಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಭಾರತದಿಂದ ಯುವ ವೈದ್ಯರು ಸಾಲುಸಾಲಾಗಿ ಹೋಗಿ ಅದನ್ನು ಪಡೆದು ಬಂದರು. ನನ್ನ ಜಿಲ್ಲಾ ಕೇಂದ್ರದ ಆ ಹಿರಿಯರು ಅವರಲ್ಲೊಬ್ಬರು. ಜೋನ್ಸ್ 1933ರ ಜನವರಿಯಲ್ಲಿ ವೇಲ್ಸ್‌ನಲ್ಲಿ ತೀರಿಕೊಂಡರು. ಚಿತಾಭಸ್ಮ ಲಿವರ್‌ಪೂಲಿನ ಮಹಾ ಚರ್ಚಿನಲ್ಲಿದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಕರ್ನಾಟಕದಲ್ಲಿ 2008ರಿಂದ 108ರ ಆಂಬುಲೆನ್ಸ್ ಇದೆ, ಅದರಲ್ಲಿ ತರಬೇತಾದ ಸಿಬ್ಬಂದಿ ಇದ್ದಾರೆ; 1986ಕ್ಕೆ ಹೋಲಿಸಿದರೆ ಇದು ಬೇರೆಯೇ ಲೋಕ. ಅದನ್ನು ಅಲ್ಲಗಳೆಯಲಾರೆ. ಆದರೂ ಗಾಯಾಳುವನ್ನು ನಾಲ್ವರು ಕೈಕಾಲು ಹಿಡಿದೆತ್ತಿ ಆಟೋದೊಳಗೆ ಮಡಚಿ ಕೂರಿಸುವುದನ್ನು ಬೆಂಗಳೂರಿನ ವರ್ತುಲ ರಸ್ತೆಯಲ್ಲೇ ನಾನು ಕಂಡಿದ್ದೇನೆ. ಅವರು ಕೆಟ್ಟವರಲ್ಲ, ನಮ್ಮ ಜೀಪಿನಲ್ಲಿದ್ದವರೂ ಕೆಟ್ಟವರಾಗಿರಲಿಲ್ಲ.

ಆ ಸಾವಿನ ನಂತರ ನಾನು ಒಂದು ಕಡತ ಆರಂಭಿಸಿದ್ದೆ. ಕಾಲುವೆಯ ಹತ್ತು ಕಿಲೋಮೀಟರಿಗೊಂದರಂತೆ ಥಾಮಸ್ ಸ್ಪ್ಲಿಂಟುಗಳು, ಒಂದು ಸ್ಟ್ರೆಚರ್ ಅಳವಡಿಸಿದ ವಾಹನ, ಮೇಸ್ತ್ರಿಗಳಿಗೆ ಎರಡು ದಿನಗಳ ತರಬೇತಿ. ವೈದ್ಯರೇ ಕೂತು ಪಟ್ಟಿ ಬರೆಸಿದ್ದರು. ಯಾವ ಲೆಕ್ಕಶೀರ್ಷಿಕೆಯಲ್ಲಿ ಖರ್ಚು ಹಾಕಬೇಕೆಂಬ ಪ್ರಶ್ನೆಯೊಡನೆ ಕಡತ ಎರಡು ಬಾರಿ ಹಿಂದಿರುಗಿತು. ಮೂರನೆಯ ಬಾರಿ ಸ್ಪ್ಲಿಂಟುಗಳಿಗೆ ಮಂಜೂರಾತಿ ಬಂತು. ವಾಹನ ಮತ್ತು ತರಬೇತಿಯನ್ನು ಹೊಡೆದುಹಾಕಿದ್ದರು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಹನ್ನೊಂದು ವರ್ಷಗಳ ನಂತರ ಬೇರೆ ಕೆಲಸದ ಮೇಲೆ ಅದೇ ವಿಭಾಗಕ್ಕೆ ಹೋದಾಗ ಉಗ್ರಾಣದ ಮೂಲೆಯಲ್ಲಿ ಅವು ಕಂಡವು. ಖಾಕಿ ಕಾಗದದ ಸುತ್ತು ಬಿಚ್ಚಿರಲಿಲ್ಲ. ಒಂದನ್ನು ಬಿಚ್ಚಿ ನೋಡಿದೆ. ಸರಳುಗಳಿಗೆ ತುಕ್ಕು ಹಿಡಿದಿರಲಿಲ್ಲ; ಉಂಗುರದ ಚರ್ಮ ಮಾತ್ರ ಒಣಗಿ ಬಿರಿದಿತ್ತು. ಉಗ್ರಾಣದ ಗುಮಾಸ್ತ ದಾಸ್ತಾನು ಪುಸ್ತಕ ತೆರೆದು, ಲೆಕ್ಕ ಸರಿಯಿದೆ, ಒಂದೂ ಕಡಿಮೆಯಾಗಿಲ್ಲವೆಂದು ತೋರಿಸಿದ.